ಸ್ವರ ಕೇಳುತ್ತದೆ, ವ್ಯಂಜನ ಕೇಳುವುದಿಲ್ಲ: ಒಂದು ಹಾಲ್‌ಗೆ ಸರೌಂಡ್ ಸೌಂಡ್ ಆಯ್ದ ಪ್ರಕರಣ

"ಮಾತು ಕಿವಿಗೆ ಬೀಳುತ್ತದೆ, ಏನು ಹೇಳಿದರೆಂದು ಮಾತ್ರ ತಿಳಿಯುವುದಿಲ್ಲ." ಅಕ್ಕನ ಅತ್ತೆ ತಿಂಗಳುಗಟ್ಟಲೆ ಹೀಗೆ ಹೇಳುತ್ತಿದ್ದರಂತೆ. ನಾನು ಅವರನ್ನು ಅಮ್ಮ ಎಂದೇ ಕರೆಯುತ್ತೇನೆ. ಅವರು ಹೀಗೆಂದಾಗಲೆಲ್ಲ ಮನೆಯವರು ವಾಲ್ಯೂಮ್ ಏರಿಸುತ್ತಿದ್ದರು. ಆಗ ಹಿನ್ನೆಲೆ ಸಂಗೀತ ಅಬ್ಬರಿಸುತ್ತಿತ್ತು, ಬಾಗಿಲು ಬಡಿದ ಸದ್ದು ಎದೆಗೆ ಹೊಡೆಯುತ್ತಿತ್ತು, ಮಾತು ಮಾತ್ರ ಮಸುಕಾಗಿಯೇ ಉಳಿಯುತ್ತಿತ್ತು. ಕೊನೆಗೆ ಹೊಸ ಹೋಮ್ ಥಿಯೇಟರ್ ಕೊಳ್ಳುವುದೆಂದು ತೀರ್ಮಾನವಾಗಿ ನನ್ನನ್ನು ಕರೆದರು.

ನಾನು ಹೋಗುವ ಹೊತ್ತಿಗೆ ಭಾವ ಪಟ್ಟಿ ಸಿದ್ಧಪಡಿಸಿದ್ದರು. 7.1.4 ವ್ಯವಸ್ಥೆ: ಕಿವಿಯ ಮಟ್ಟದಲ್ಲಿ ಏಳು ಸ್ಪೀಕರ್, ತಗ್ಗಿನ ಗುಡುಗಿನಂಥ ಸದ್ದಿಗೆಂದೇ ಇರುವ ಒಂದು ಸಬ್‌ವೂಫರ್, ತಲೆಯ ಮೇಲೆ ನಾಲ್ಕು. ಸದ್ದನ್ನು ಬಲಪಡಿಸಿ ಸ್ಪೀಕರ್‌ಗಳಿಗೆ ಹಂಚುವ ರಿಸೀವರ್, ಆಳೆತ್ತರದ ಟವರ್ ಸ್ಪೀಕರ್‌ಗಳು, ಕೇಬಲ್ಲು, ಎಲ್ಲವೂ ಆ ಪಟ್ಟಿಯಲ್ಲಿದ್ದವು. ಇಲ್ಲದ್ದು ಒಂದೇ, ಇವೆಲ್ಲ ಕೂರಬೇಕಾದ ಹಾಲ್. "ಭಾವ, ಒಂದು ವಾರ ಏನನ್ನೂ ಕೊಳ್ಳಬೇಡಿ, ಮೊದಲು ಟೇಪು ಕೊಡಿ" ಎಂದೆ. ಅವರಿಗೆ ನಿರಾಸೆಯಾಯಿತು, ಆದರೂ ಕಾದರು. ಆ ವಾರದಲ್ಲಿ ತಿಳಿದದ್ದು ಆಮೇಲೆ ಪಟ್ಟಿಯನ್ನೇ ಬದಲಿಸಿತು. ಹಾಗಾಗಿ ಈ ಪ್ರಕರಣವನ್ನು ವಿವರವಾಗಿ ಬರೆದಿಡುತ್ತಿದ್ದೇನೆ.

ಹಾಲ್

ಉದ್ದ 4.8 ಮೀಟರ್, ಅಗಲ 3.6, ಎತ್ತರ 3. ಟಿವಿ ಚಿಕ್ಕ ಗೋಡೆಯ ಮೇಲೆ. ಸೋಫಾ ಅದರೆದುರಿನ ಗೋಡೆಗೆ ಬೆನ್ನು ಹಚ್ಚಿಕೊಂಡಿತ್ತು. ಎಡಗೋಡೆಯ ಬಹುಪಾಲು ಗಾಜಿನ ಕಿಟಕಿ. ಬಲಗೋಡೆ ನಡುವೆ ಒಡೆದು ಊಟದ ಕೋಣೆಗೆ ತೆರೆದುಕೊಂಡಿದೆ. ಹಿಂಬದಿಯ ಮೂಲೆಯ ಹತ್ತಿರ ಒಂದು ಕಂಬವಿದೆ. ನೆಲಕ್ಕೆ ಟೈಲ್ಸ್. ಮೇಲೆ ಮರದ ಪಟ್ಟಿಗಳ ಫಾಲ್ಸ್ ಸೀಲಿಂಗ್, ಪಟ್ಟಿಗಳ ನಡುವೆ ಸಂದು.

ಹಾಲ್ ಮಧ್ಯದಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದೆ. ಸದ್ದು ನಿಂತ ಮೇಲೂ "ಝಿರ್ರ್" ಎಂಬ ಬಾಲ ಉಳಿಯಿತು. ಆ ಬಾಲವೇ ಅಮ್ಮನ ಶತ್ರು ಎಂದು ನನಗೆ ಆಗಲೇ ಅನಿಸಿತ್ತು. ಆದರೆ ಅನಿಸಿಕೆಯ ಮೇಲೆ ಸಾಮಾನು ಕೊಳ್ಳಬಾರದು, ಹಾಗಾಗಿ ಒಂದು ಪರೀಕ್ಷೆ ಹೂಡಿದೆವು.

ಅಮ್ಮನ ಕೈಗೆ ಹಾಳೆ, ಪೆನ್ನು ಕೊಟ್ಟೆವು. ಒಂದು ದೃಶ್ಯದಿಂದ ಇಪ್ಪತ್ತು ವಾಕ್ಯಗಳು, ಒಂದೊಂದು ವಾಕ್ಯದ ನಂತರ ತಡೆ. ಕೇಳಿಸಿದ್ದನ್ನು ಅವರು ಬರೆಯಬೇಕು. ಪ್ರತಿ ಸಲ ಬೇರೆ ದೃಶ್ಯ, ಏಕೆಂದರೆ ಒಂದೇ ದೃಶ್ಯವಾದರೆ ಕಿವಿಯ ಕೆಲಸವನ್ನು ನೆನಪು ಮಾಡಿಬಿಡುತ್ತದೆ. ವಾಲ್ಯೂಮ್ ಪ್ರತಿ ಸಲವೂ ಒಂದೇ ಮಟ್ಟದಲ್ಲಿರುವಂತೆ ಮೊಬೈಲಿನ ಡೆಸಿಬಲ್ ಮಾಪಕದಿಂದ ನೋಡಿಕೊಂಡೆವು. ಮೊದಲ ದಿನ ಅವರು ಸರಿಯಾಗಿ ಬರೆದದ್ದು ಹನ್ನೊಂದು ವಾಕ್ಯ.

ಆ ಹಾಳೆ ಈಗಲೂ ನನ್ನ ಬಳಿ ಇದೆ. ತಪ್ಪಾದ ವಾಕ್ಯಗಳಲ್ಲಿ ಅ, ಆ, ಓ ಎಲ್ಲ ಸರಿಯಾಗಿಯೇ ಇವೆ. ಸ ಇದ್ದಲ್ಲಿ ಹ, ತ ಇದ್ದಲ್ಲಿ ಪ, ಕೆಲವೆಡೆ ಚ ಇರಬೇಕಾದ ಜಾಗ ಖಾಲಿ. ಸ್ವರ ಕೇಳುತ್ತದೆ, ವ್ಯಂಜನ ಕೇಳುವುದಿಲ್ಲ. ಸ್ವರಗಳ ಶಕ್ತಿ ಬಹುಪಾಲು 1000 ಹರ್ಟ್ಸ್‌ನ (ಸೆಕೆಂಡಿಗೆ ಅಷ್ಟು ಕಂಪನ) ಕೆಳಗಿರುತ್ತದೆ. ಸ, ಶ, ಚ, ತ ಮುಂತಾದವುಗಳ ಗುರುತು ಇರುವುದು 2000ದಿಂದ 8000 ಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ, ಅದೂ ಬಹಳ ಕ್ಷೀಣವಾಗಿ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಈ ಮೇಲಿನ ಪಟ್ಟಿಯನ್ನೇ. ಅಮ್ಮನ ಕಿವಿಯನ್ನು ಪರೀಕ್ಷೆ ಮಾಡಿಸಿದೆವು. ಮೇಲಿನ ಪಟ್ಟಿಯಲ್ಲಿ ತುಸು ಇಳಿಕೆ ಇದೆ, ಉಳಿದಂತೆ ತೊಂದರೆಯಿಲ್ಲ ಎಂದು ವೈದ್ಯರು ಹೇಳಿದರು. ಅಂದರೆ ನಮ್ಮ ವ್ಯವಸ್ಥೆ ವ್ಯಂಜನಗಳನ್ನು ಅವರ ಕಿವಿಯವರೆಗೆ ಅಚ್ಚುಕಟ್ಟಾಗಿ ತಲುಪಿಸಬೇಕು. ಉಳಿದ ಬೇಡಿಕೆಗಳೆಲ್ಲ ಇದರ ನಂತರ ಎಂದು ನಾವು ಮೂವರೂ ಒಪ್ಪಿಕೊಂಡೆವು.

ಕೊಳ್ಳುವ ಮೊದಲೇ ಸಿಕ್ಕ ಮೂರು ವಾಕ್ಯ

ಮನೆಯಲ್ಲಿ ಮೊದಲೇ ಒಂದು ಸೌಂಡ್‌ಬಾರ್ ಇತ್ತು. ಸದ್ದನ್ನು ಅಕ್ಕಪಕ್ಕದ ಗೋಡೆಗೆ ಎಸೆದು, ಅಲ್ಲಿಂದ ಪುಟಿದು ಬರುವಂತೆ ಮಾಡಿ ಸರೌಂಡ್ ಭ್ರಮೆ ಹುಟ್ಟಿಸುವ ಬಗೆಯದು. ಎರಡೂ ಬದಿಗೆ ಗಟ್ಟಿ ಗೋಡೆ ಇರುವ ಕೋಣೆಯಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಇಲ್ಲಿ ಬಲಕ್ಕೆ ಹೋದ ಸದ್ದು ಊಟದ ಕೋಣೆ ಸೇರಿ ಅಲ್ಲೇ ಮುಗಿಯುತ್ತಿತ್ತು. ಅದು ಸೌಂಡ್‌ಬಾರಿನ ದೋಷವಲ್ಲ.

ಟಿವಿಯ ಸೆಟ್ಟಿಂಗ್ ತೆರೆದಾಗ ಇನ್ನೊಂದು ಸಂಗತಿ ಸಿಕ್ಕಿತು. ಡಿಜಿಟಲ್ ಆಡಿಯೊ ಔಟ್‌ಪುಟ್ ಎಂಬಲ್ಲಿ ಪಿಸಿಎಂ (ಟಿವಿಯೇ ಬಿಡಿಸಿ ಕೊಡುವ ಡಿಜಿಟಲ್ ಸದ್ದು) ಎಂದಿತ್ತು. ಟಿವಿಯ ಸದ್ದನ್ನು ಎಚ್‌ಡಿಎಂಐ ಕೇಬಲ್ಲಿನಲ್ಲೇ ಸೌಂಡ್‌ಬಾರ್‌ಗೋ ರಿಸೀವರ್‌ಗೋ ಕಳುಹಿಸುವ, 2009ರಲ್ಲಿ ಎಚ್‌ಡಿಎಂಐ 1.4ರೊಡನೆ ಬಂದ ಎಆರ್‌ಸಿ ಜೋಡಣೆಯಲ್ಲಿ ಪಿಸಿಎಂ ಎಂದರೆ ಎರಡೇ ಚಾನೆಲ್, ಅಂದರೆ ಸದ್ದಿನ ಎರಡೇ ಪ್ರತ್ಯೇಕ ಎಳೆ. ಮಾತಿಗೆಂದೇ ಇರುವ ನಡುವಿನ ಚಾನೆಲ್ ಟಿವಿಯ ಒಳಗೇ ಎಡಬಲಗಳಿಗೆ ಕರಗಿಹೋಗಿ, ಸೌಂಡ್‌ಬಾರ್‌ಗೆ ಕಲಸಿದ ಸದ್ದು ತಲುಪುತ್ತಿತ್ತು. ಮೂಲ ಸದ್ದನ್ನು ಟಿವಿ ಬಿಡಿಸದೆ ಹಾಗೆಯೇ ದಾಟಿಸುವ ಬಿಟ್‌ಸ್ಟ್ರೀಮ್‌ಗೆ ಬದಲಿಸಿದೆವು. ಹನ್ನೊಂದು ಹನ್ನೆರಡಾಯಿತು. ದೊಡ್ಡ ಗೆಲುವೇನಲ್ಲ, ಆದರೆ ಎಷ್ಟೋ ಮನೆಗಳಲ್ಲಿ ಐದಾರು ಸ್ಪೀಕರ್ ಇಟ್ಟುಕೊಂಡು ಈ ಒಂದು ಆಯ್ಕೆ ತಪ್ಪಿರುವುದರಿಂದ ಎರಡು ಚಾನೆಲ್ ಕೇಳುತ್ತಿರುತ್ತಾರೆ. ಎಲ್ಲಕ್ಕಿಂತ ಮೊದಲು ಅದನ್ನು ನೋಡಿಕೊಳ್ಳಿ.

ಆಮೇಲೆ ಕೋಣೆಗೆ ಕೈ ಹಾಕಿದೆವು. ಸೋಫಾದ ನಡುವಿನ ಸೀಟಿನಲ್ಲಿ ಅಕ್ಕ ಕುಳಿತಳು. ನಾನು ಒಂದು ಕನ್ನಡಿಯನ್ನು ಗೋಡೆಗೆ ಒತ್ತಿ ಹಿಡಿದು ನಿಧಾನವಾಗಿ ಸರಿಸುತ್ತ ಹೋದೆ. ಕನ್ನಡಿಯಲ್ಲಿ ಅವಳಿಗೆ ಸ್ಪೀಕರ್ ಕಂಡ ಜಾಗವೇ ಸದ್ದು ಮೊದಲ ಸಲ ಪುಟಿಯುವ ಜಾಗ. ಎಡಕ್ಕೆ ಅದು ಸರಿಯಾಗಿ ಗಾಜಿನ ಮೇಲೆ ಬಿತ್ತು. ಅಲ್ಲಿ ದಪ್ಪ ಬಟ್ಟೆಯ ಪರದೆಯನ್ನು, ಬಿಗಿಯಾಗಿ ಎಳೆಯದೆ ನೆರಿಗೆ ನೆರಿಗೆಯಾಗಿ ಇಳಿಬಿಟ್ಟೆವು. ಟಿವಿಗೂ ಸೋಫಾಗೂ ನಡುವೆ ದಪ್ಪ ಜಮಖಾನೆ ಹಾಸಿದೆವು. ಚಪ್ಪಾಳೆಯ ಬಾಲ ಬಹುಮಟ್ಟಿಗೆ ಹೋಯಿತು. ಅಮ್ಮ ಹದಿನಾಲ್ಕು ವಾಕ್ಯ ಬರೆದರು. ಒಂದೇ ಒಂದು ಸ್ಪೀಕರ್ ಕೊಳ್ಳದೆ ಮೂರು ವಾಕ್ಯ ಗಳಿಸಿದ್ದೆವು. ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು ಆ ಸಂಜೆ.

ಪರದೆ, ಜಮಖಾನೆಗಳು ಹೆಚ್ಚು ಹರ್ಟ್ಸ್‌ನ ಮೇಲಿನ ಪಟ್ಟಿಯ ಸದ್ದನ್ನಷ್ಟೇ ಹೀರುತ್ತವೆ. ತಗ್ಗಿನ ಸದ್ದಿಗೆ, ಎಂದರೆ ಕಡಿಮೆ ಹರ್ಟ್ಸ್‌ನದಕ್ಕೆ, ಅವು ಇದ್ದೂ ಇಲ್ಲದಂತೆ. 36 ಹರ್ಟ್ಸ್‌ನ ಒಂದು ಅಲೆಯ ಉದ್ದವೇ ಸುಮಾರು 9.5 ಮೀಟರ್. ಬೆರಳು ದಪ್ಪದ ಫೋಮನ್ನು ಗೋಡೆಗೆ ಅಂಟಿಸಿ ಅದನ್ನು ತಡೆಯುತ್ತೇವೆಂಬ ಭರವಸೆಗೆ ಹಣ ಸುರಿಯಬಾರದು. 36 ಹರ್ಟ್ಸ್ ಎಂದದ್ದು ಸುಮ್ಮನೆ ಅಲ್ಲ. ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಆ ಕೋಣೆ ತಾನಾಗಿ ಮೊಳಗುವ ಮೊದಲ ಸ್ವರ ಸಿಗುತ್ತದೆ. 4.8 ಮೀಟರಿಗೆ ಅದು ಸುಮಾರು 36, ಅದರ ಇಮ್ಮಡಿ 71. ಗೋಡೆಗೆ ಒರಗಿದ ಸೋಫಾದಲ್ಲಿ ಈ ಎರಡೂ ಗರಿಷ್ಠ ಒತ್ತಡದಲ್ಲಿ ಕೇಳುತ್ತವೆ. ಸೋಫಾವನ್ನು 70 ಸೆಂಟಿಮೀಟರ್ ಮುಂದೆ ತಂದೆವು. 36ರದು ಅಷ್ಟೇನೂ ಇಳಿಯಲಿಲ್ಲ. ಗಂಡು ದನಿಯ ಬುಡಕ್ಕೇ ಅಂಟಿಕೊಂಡಿದ್ದ 71ರ ಗುಂಯ್‌ಗುಡುವಿಕೆ ಮಾತ್ರ ಚೆನ್ನಾಗಿ ತಗ್ಗಿತು. ಹಿಂದೆ ಓಡಾಡಲು ಜಾಗ ಸಿಕ್ಕಿತೆಂದು ಅಕ್ಕನಿಗೂ ಇದು ಹಿಡಿಸಿತು.

ಹನ್ನೆರಡು ಏಕೆ ಆರಾಯಿತು

ಈಗ ಭಾವನ ಪಟ್ಟಿ. 7.1ರ ಹೆಚ್ಚುವರಿ ಎರಡು ಸ್ಪೀಕರ್‌ಗಳು ಕೇಳುಗನ ಬೆನ್ನ ಹಿಂದೆ, ಒಂದಿಷ್ಟು ದೂರದಲ್ಲಿ ಇರಬೇಕು. ನಮಗೆ ಹಿಂದೆ ಉಳಿದದ್ದು ಒಂದು ಮೀಟರಿಗೂ ಕಡಿಮೆ. ಅಷ್ಟು ಹತ್ತಿರದಿಂದ ಬಂದರೆ ಅದು ಸುತ್ತಲಿನ ವಾತಾವರಣ ಎನಿಸುವುದಿಲ್ಲ, ತಲೆಯ ಹಿಂದೆ ಯಾರೋ ನಿಂತು ಮಾತಾಡಿದಂತಿರುತ್ತದೆ. ಆ ಎರಡು ಹೋದವು.

ತಲೆಯ ಮೇಲಿನ ನಾಲ್ಕು? ಮೇಲಿನಿಂದಲೂ ಸದ್ದು ಬರಿಸುವ, 2012ರಲ್ಲಿ ಬಂದ ಡಾಲ್ಬಿ ಅಟ್ಮಾಸ್ ತಂತ್ರದ ಸೊಗಸನ್ನು ನಾನು ಕಡೆಗಣಿಸುವವನಲ್ಲ; ಮಳೆ ಮೇಲಿನಿಂದಲೇ ಬಿದ್ದಂತೆ ಕೇಳುವುದು ನಿಜವಾದ ಸುಖ. ಆದರೆ ಭಾವ ಆರಿಸಿದ್ದು ಸದ್ದನ್ನು ಮೇಲಕ್ಕೆ ಎಸೆದು ಚಾವಣಿಯಿಂದ ಪುಟಿಸುವ ಸ್ಪೀಕರ್‌ಗಳು. ಅವಕ್ಕೆ ಸಪಾಟಾದ, ಗಟ್ಟಿಯಾದ ಚಾವಣಿ ಬೇಕು. ಮರದ ಪಟ್ಟಿ, ಸಂದುಗಳಿರುವ ಫಾಲ್ಸ್ ಸೀಲಿಂಗ್ ಸದ್ದನ್ನು ಚೂರುಚೂರಾಗಿ ಚೆದರಿಸುತ್ತದೆ. ಚಾವಣಿಯೊಳಗೇ ಕೂರಿಸುವ ಸ್ಪೀಕರ್ ಮಾತ್ರ ಇಲ್ಲಿ ಸರಿ. ಅದನ್ನು ಮುಂದೆ ಯಾವಾಗಲಾದರೂ ಹಾಕಿಕೊಳ್ಳಲೆಂದು ಏಳು ಚಾನೆಲ್‌ನ ರಿಸೀವರ್ ಕೊಂಡು, ಎರಡು ವೈರುಗಳನ್ನು ಈಗಲೇ ಫಾಲ್ಸ್ ಸೀಲಿಂಗಿನ ಮೇಲೆ ಎಳೆದು ಟೇಪು ಸುತ್ತಿಟ್ಟೆವು.

ಉಳಿದದ್ದು 5.1: ಮುಂದೆ ಎಡ, ನಡು, ಬಲ, ಪಕ್ಕಗಳಲ್ಲಿ ಎರಡು ಸರೌಂಡ್, ಜೊತೆಗೆ ಸಬ್‌ವೂಫರ್. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ (ಐಟಿಯು) ಬಿಎಸ್.775 ಶಿಫಾರಸಿನ ಪ್ರಕಾರ ಮುಂದಿನ ಎಡ ಮತ್ತು ಬಲ ಸ್ಪೀಕರ್‌ಗಳು ನಡುರೇಖೆಯಿಂದ 30 ಡಿಗ್ರಿಯಲ್ಲಿ, ಸರೌಂಡ್‌ಗಳು 100ರಿಂದ 120 ಡಿಗ್ರಿಯಲ್ಲಿ, ಎಂದರೆ ಕಿವಿಗಿಂತ ತುಸು ಹಿಂದೆ. ಅದೃಷ್ಟಕ್ಕೆ ಬಲಗಡೆ ಆ ಕೋನ ಕಂಬದ ಮೇಲೇ ಬಂತು.

ಟವರ್ ಸ್ಪೀಕರ್‌ಗಳ ಬಗ್ಗೆ ಭಾವನೊಡನೆ ದೀರ್ಘ ಮಾತುಕತೆ ನಡೆಯಿತು. ಟವರಿನ ಹೆಚ್ಚುಗಾರಿಕೆ ತಗ್ಗಿನ ಸದ್ದಿನಲ್ಲಿ. ಆದರೆ 80 ಹರ್ಟ್ಸ್‌ನ ಕೆಳಗಿನದನ್ನೆಲ್ಲ ಸಬ್‌ವೂಫರ್‌ಗೆ ಒಪ್ಪಿಸುವ ವ್ಯವಸ್ಥೆಯಲ್ಲಿ ಆ ಹೆಚ್ಚುಗಾರಿಕೆಗೆ ಕೆಲಸವೇ ಇಲ್ಲ. ಒಳ್ಳೆಯ ಬುಕ್‌ಶೆಲ್ಫ್ (ಚಿಕ್ಕ ಪೆಟ್ಟಿಗೆಯ) ಸ್ಪೀಕರ್‌ಗಳನ್ನು ಸ್ಟ್ಯಾಂಡಿನ ಮೇಲಿಟ್ಟು, ಉಳಿದ ಹಣವನ್ನು ನಡುವಿನ ಸ್ಪೀಕರಿಗೆ ಹಾಕೋಣ ಎಂದೆ. ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು.

ನಡುವಿನ ಸ್ಪೀಕರ್

ಬರೆಯಲೇಬೇಕಾದ ಭಾಗ ಇದು. ಚಿತ್ರಗಳ ಮಾತು ಬಹುಪಾಲು ಬರುವುದು ಈ ಒಂದು ಸ್ಪೀಕರಿನಿಂದ. ಅಷ್ಟಾದರೂ ಹೆಚ್ಚಿನವರು ಇದನ್ನು ಕೊನೆಗೆ, ಟಿವಿ ಸ್ಟ್ಯಾಂಡಿನಲ್ಲಿ ಹಿಡಿಸಿದರೆ ಸಾಕೆಂದು ಕೊಳ್ಳುತ್ತಾರೆ.

ಸಾಮಾನ್ಯವಾಗಿ ಸಿಗುವ ಅಡ್ಡ ಮಲಗಿದ ಸೆಂಟರ್ ಸ್ಪೀಕರಿನಲ್ಲಿ ನಡುವೆ ಮೇಲಿನ ಪಟ್ಟಿಯನ್ನು ನುಡಿಸುವ ಟ್ವೀಟರ್, ಅದರ ಎಡಬಲಕ್ಕೆ ಅದಕ್ಕಿಂತ ಕೆಳಗಿನದನ್ನು ನುಡಿಸುವ ಒಂದೊಂದು ವೂಫರ್. ನೇರ ಎದುರು ಕುಳಿತವರಿಗೆ ಎರಡೂ ವೂಫರ್ ಸಮದೂರ, ಏನೂ ತೊಂದರೆಯಿಲ್ಲ. ಅಮ್ಮ ಕೂರುವುದು ಸೋಫಾದ ಎಡ ತುದಿಯಲ್ಲಿ. ಲೆಕ್ಕ ಹಾಕಿ ನೋಡಿದೆ: ಸ್ಪೀಕರಿನಿಂದ ಸೋಫಾಗೆ 3 ಮೀಟರ್, ನಡುರೇಖೆಯಿಂದ ಅಮ್ಮನಿಗೆ 1 ಮೀಟರ್, ಭಾವನ ಪಟ್ಟಿಯಲ್ಲಿದ್ದ ಸ್ಪೀಕರಿನ ವೂಫರ್‌ಗಳ ನಡುವೆ 34 ಸೆಂಟಿಮೀಟರ್. ಒಂದು ವೂಫರಿನ ಸದ್ದು ಅಮ್ಮನನ್ನು ಮುಟ್ಟಲು ಇನ್ನೊಂದಕ್ಕಿಂತ ಸುಮಾರು 11 ಸೆಂಟಿಮೀಟರ್ ಹೆಚ್ಚು ದಾರಿ ನಡೆಯಬೇಕು. 1600 ಹರ್ಟ್ಸ್ ಸುತ್ತಮುತ್ತ ಇದು ಸರಿಯಾಗಿ ಅರ್ಧ ಅಲೆಯಾಗುತ್ತದೆ. ಒಂದು ವೂಫರ್ ತಳ್ಳುವಾಗ ಇನ್ನೊಂದು ಎಳೆಯುತ್ತದೆ, ಎರಡೂ ಒಂದನ್ನೊಂದು ಅಳಿಸುತ್ತವೆ. ಆ ಸ್ಪೀಕರಿನಲ್ಲಿ ಟ್ವೀಟರ್ ಕೆಲಸ ಶುರುಮಾಡುವುದು 2500ರ ಮೇಲೆ. ಹೀಗಾಗಿ ಮಾತಿನ ಹೃದಯದಲ್ಲೇ ಒಂದು ಹಳ್ಳ, ಅದೂ ಅಮ್ಮನ ಸೀಟಿನಲ್ಲೇ. ಅಂಗಡಿಯಲ್ಲಿ ಎದುರಿಗೆ ನಿಂತು ಕೇಳಿದವರಿಗೆ ಇದು ಎಂದೂ ತಿಳಿಯುವುದಿಲ್ಲ.

ಹಾಗಾಗಿ ಸದ್ದನ್ನು ಮೂರು ಪಾಲು ಮಾಡಿ ಹಂಚುವ ತ್ರೀ-ವೇ ಸೆಂಟರ್ ಆರಿಸಿದೆವು. ಅದರಲ್ಲಿ ನಡುವೆ ಮಧ್ಯದ ಪಾಲಿಗೆ ಒಂದು ಪುಟ್ಟ ಮಿಡ್‌ರೇಂಜ್, ಅದರ ನೇರ ಮೇಲೆ ಟ್ವೀಟರ್. ವೂಫರ್‌ಗಳು ಬದಿಯಲ್ಲಿದ್ದರೂ ಅವುಗಳ ಪಾಲು ತಗ್ಗಿನ ಸದ್ದಷ್ಟೇ. ಮುಂದಿನ ಎಡಬಲ ಸ್ಪೀಕರ್‌ಗಳನ್ನೂ ಅದೇ ತಯಾರಕರ ಅದೇ ಸರಣಿಯಿಂದ ತಂದೆವು. ಪಾತ್ರ ತೆರೆಯ ಒಂದು ತುದಿಯಿಂದ ಇನ್ನೊಂದಕ್ಕೆ ನಡೆದಾಗ ದನಿಯ ಬಣ್ಣ ಬದಲಾಗಬಾರದು.

ಇಡುವಾಗ ಟಿವಿ ಸ್ಟ್ಯಾಂಡಿನ ಗೂಡಿನೊಳಕ್ಕೆ ತಳ್ಳಿದ್ದರು. ಗೂಡು ತಾನೂ ದನಿಗೂಡಿಸಿ ಮಾತಿಗೆಲ್ಲ ಮಡಕೆಯೊಳಗಿಂದ ಬಂದ ಛಾಯೆ ಕೊಟ್ಟಿತು. ಸ್ಪೀಕರಿನ ಮುಖ ಸ್ಟ್ಯಾಂಡಿನ ಅಂಚಿಗಿಂತ ಒಂದು ಬೆರಳು ಹೊರಬರುವಂತೆ ಎಳೆದು, ಮುಂದಿನ ಪಾದಗಳ ಕೆಳಗೆ ರಬ್ಬರ್ ತುಂಡಿಟ್ಟು ಮುಖವನ್ನು ಕುಳಿತವರ ಕಿವಿಯತ್ತ ಎತ್ತಿದೆವು. ಛಾಯೆ ಹೋಯಿತು. ಇದಕ್ಕೆ ಹಿಡಿದದ್ದು ಐದು ನಿಮಿಷ.

ವ್ಯಾಟ್‌ಗಳ ಲೆಕ್ಕ

ಭಾವ ನೋಡಿಟ್ಟಿದ್ದ ಒಂದು ರಿಸೀವರ್ ಚಾನೆಲ್‌ಗೆ 150 ವ್ಯಾಟ್ ಎನ್ನುತ್ತಿತ್ತು, ಇನ್ನೊಂದು 80. ಸಣ್ಣ ಅಕ್ಷರ ಓದಿದೆವು. ಮೊದಲನೆಯದು 6 ಓಮ್ (ಸ್ಪೀಕರಿನ ವಿದ್ಯುತ್ ತಡೆ), ಒಂದೇ ಚಾನೆಲ್, 1000 ಹರ್ಟ್ಸ್, ಸದ್ದಿನಲ್ಲಿ ಶೇ. 10 ವಿರೂಪ. ಎರಡನೆಯದು 8 ಓಮ್, ಎರಡು ಚಾನೆಲ್ ಒಟ್ಟಿಗೆ, 20ರಿಂದ 20,000 ಹರ್ಟ್ಸ್, ಶೇ. 0.08 ವಿರೂಪ. ಅಳತೆಗೋಲೇ ಬೇರೆಯಾದಾಗ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ತೂಗಲಾಗದು. ನನ್ನ ಕಣ್ಣಿಗೆ 80ರದೇ ಗಟ್ಟಿ.

ನಿಜಕ್ಕೂ ಎಷ್ಟು ಬೇಕು? ನಮ್ಮ ಸ್ಪೀಕರಿನ ಸೂಕ್ಷ್ಮತೆ 87 ಡೆಸಿಬಲ್, ಅಂದರೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಅಷ್ಟು ಸದ್ದು. 3 ಮೀಟರಿಗೆ ಬರುವಾಗ 9.5 ಕಳೆದು 77.5 ಉಳಿಯುತ್ತದೆ. ಪ್ರತಿ 3 ಡೆಸಿಬಲ್ ಏರಿಕೆಗೂ ವ್ಯಾಟ್ ಇಮ್ಮಡಿಯಾಗಬೇಕು. ಚಿತ್ರಮಂದಿರದ ಪೂರ್ಣ ಮಟ್ಟದಲ್ಲಿ ಒಂದು ಚಾನೆಲ್‌ನ ಶಿಖರ 105 ಡೆಸಿಬಲ್; ಅದಕ್ಕೆ 560 ವ್ಯಾಟ್‌ನಷ್ಟು ಬೇಕು. ಕೇಳಿ ಭಾವ ಬೆಚ್ಚಿದರು. ಆದರೆ ಮನೆಯಲ್ಲಿ ಆ ಮಟ್ಟದಲ್ಲಿ ಯಾರು ಕೇಳುತ್ತಾರೆ? ಅವರು ನೋಡುವ ಮಟ್ಟ ಅದಕ್ಕಿಂತ 15 ಡೆಸಿಬಲ್ ಕೆಳಗೆ, ಶಿಖರ 90. ಅದಕ್ಕೆ 18 ವ್ಯಾಟ್ ಸಾಕು. ಇನ್ನೂ 5 ಡೆಸಿಬಲ್ ಏರಿಸಿದರೂ 56. ಗೋಡೆಗಳ ಪ್ರತಿಫಲನದಿಂದ ಸಿಗುವ ನೆರವನ್ನು ಇಲ್ಲಿ ಹಿಡಿದೇ ಇಲ್ಲ. 80 ವ್ಯಾಟ್‌ನ ರಿಸೀವರ್ ಬಂತು.

ಬ್ಲೂ-ರೇ ಪ್ಲೇಯರನ್ನು ನೇರವಾಗಿ ರಿಸೀವರ್‌ಗೆ ಜೋಡಿಸಿದೆವು. ಹಳೆಯ ಎಆರ್‌ಸಿ ಮೂಲಕ ಎರಡಕ್ಕಿಂತ ಹೆಚ್ಚು ಚಾನೆಲ್‌ನ ಸದ್ದು ಸಂಕುಚಿತ ರೂಪದಲ್ಲಷ್ಟೇ ಸಾಗುತ್ತದೆ. ಡಿಸ್ಕಿನಲ್ಲಿರುವ ನಷ್ಟವಿಲ್ಲದ ಸದ್ದು ಟಿವಿಯ ದಾರಿ ಹಿಡಿಯದಿದ್ದರೆ ಇಎಆರ್‌ಸಿ (ನಷ್ಟವಿಲ್ಲದ ಸದ್ದನ್ನೂ ಸಾಗಿಸುವ ಸುಧಾರಿತ ಎಆರ್‌ಸಿ) ಇರುವ ಹೊಸ ಟಿವಿಯೇ ಬೇಕಾಗುವುದಿಲ್ಲ. ವೈರು 2.5 ಚದರ ಮಿಲಿಮೀಟರಿನ ಶುದ್ಧ ತಾಮ್ರದ್ದು. ವೈರ್‌ಲೆಸ್ ಸರೌಂಡ್ ಕೊಳ್ಳಬಾರದೇ ಎಂದು ಅಕ್ಕ ಕೇಳಿದಳು. ಅವಕ್ಕೂ ಕರೆಂಟ್ ಬೇಕು, ಕಂಬದಲ್ಲಿ ಪ್ಲಗ್ ಪಾಯಿಂಟ್ ಇರಲಿಲ್ಲ.

ಸಬ್‌ವೂಫರ್ ಸೋಫಾ ಏರಿದ್ದು

ಸಬ್‌ವೂಫರಿಗೆ ಜಾಗ ಹುಡುಕುವ ಹಳೆಯ ಉಪಾಯ ಒಂದಿದೆ, ಅದನ್ನೇ ಮಾಡಿದೆವು. ಪೆಟ್ಟಿಗೆಯನ್ನು ನಾನೂ ಭಾವನೂ ಎತ್ತಿ ಸೋಫಾದ ನಡುವಿನ ಸೀಟಿನಲ್ಲಿ ಕೂರಿಸಿದೆವು. ಏರಿಳಿಯುವ ತಗ್ಗಿನ ಸ್ವರಗಳ ಒಂದು ತುಣುಕನ್ನು ಮತ್ತೆ ಮತ್ತೆ ನುಡಿಸುತ್ತ, ನಾನು ಮುಂದಿನ ಗೋಡೆಯುದ್ದಕ್ಕೂ ಅಂಬೆಗಾಲಿಟ್ಟು, ಕಿವಿಯನ್ನು ನೆಲದ ಹತ್ತಿರ ಹಿಡಿದು ಹೋದೆ. ಎಡ ಮೂಲೆಯಲ್ಲಿ ಒಂದೇ ಸ್ವರ ಉಬ್ಬಿ ಉಳಿದವನ್ನೆಲ್ಲ ನುಂಗಿತ್ತು. ಅಲ್ಲಿಂದ ಸುಮಾರು 90 ಸೆಂಟಿಮೀಟರ್ ಸರಿದಾಗ ಸ್ವರಗಳು ಒಂದೊಂದಾಗಿ ಬಿಡಿಸಿಕೊಂಡವು, ಮೆಟ್ಟಿಲು ಎಣಿಸಿದ ಹಾಗೆ. ಇನ್ನೂ ಮುಂದೆ ಹೋದರೆ ಸದ್ದು ತೆಳುವಾಯಿತು. ಆ 90ರ ಜಾಗಕ್ಕೆ ಚಾಕ್‌ಪೀಸಿನಿಂದ ಗುರುತು ಹಾಕಿ, ಸಬ್‌ವೂಫರನ್ನು ಅಲ್ಲಿಟ್ಟೆವು.

ರಿಸೀವರ್ ತನ್ನ ಮೈಕ್ರೊಫೋನಿನಿಂದ ಎಲ್ಲವನ್ನೂ ಅಳೆದುಕೊಂಡಿತು. ಅದರಲ್ಲಿ ಎರಡನ್ನು ಗಮನಿಸಬೇಕು. ಟೇಪಿನಲ್ಲಿ 3.4 ಮೀಟರ್ ಇದ್ದ ಸಬ್‌ವೂಫರ್ ದೂರವನ್ನು ಅದು 4.9 ಎಂದು ತೋರಿಸಿತು. ಭಾವ ತಿದ್ದಲು ಹೊರಟಿದ್ದರು, ನಾನು ತಡೆದೆ. ಸಬ್‌ವೂಫರಿನ ಒಳಗಿನ ಎಲೆಕ್ಟ್ರಾನಿಕ್ಸ್ ಸದ್ದನ್ನು ಕೆಲವು ಮಿಲಿಸೆಕೆಂಡ್ ತಡಮಾಡುತ್ತದೆ. ರಿಸೀವರ್ ಆ ತಡವನ್ನೇ ದೂರವೆಂದು ಎಣಿಸಿ ಸರಿದೂಗಿಸುತ್ತದೆ. ಇನ್ನೊಂದು, ಮುಂದಿನ ಸ್ಪೀಕರ್‌ಗಳನ್ನು ಅದು "ದೊಡ್ಡದು" ಎಂದು ಗುರುತಿಸಿತ್ತು. ಅದನ್ನು ಕೈಯಾರೆ "ಸಣ್ಣದು" ಎಂದು ಬದಲಿಸಿ, ಸದ್ದು ಸ್ಪೀಕರ್‌ಗೂ ಸಬ್‌ವೂಫರ್‌ಗೂ ಹಂಚಿಹೋಗುವ ಗಡಿಯಾದ ಕ್ರಾಸ್‌ಓವರನ್ನು 80 ಹರ್ಟ್ಸ್‌ಗೆ ಇಟ್ಟೆ. ಸ್ಪೀಕರಿನ ಗಾತ್ರಕ್ಕೂ ಈ ಪದಕ್ಕೂ ಸಂಬಂಧವಿಲ್ಲ. ತಗ್ಗಿನ ಸದ್ದು ಯಾರ ಪಾಲು ಎಂಬುದಷ್ಟೇ ಅದರ ಅರ್ಥ.

ತಪ್ಪಿದ್ದು, ತಿದ್ದಿದ್ದು

ಸರೌಂಡ್ ಸ್ಪೀಕರ್‌ಗಳನ್ನು ಮೊದಲು ಕಿವಿಯ ಎತ್ತರಕ್ಕೇ ಕೂರಿಸಿದ್ದೆ. ಅದು ನನ್ನ ತಪ್ಪು. ಬಲ ತುದಿಯಲ್ಲಿ ಕೂರುವ ಭಾವನಿಗೆ ಕಂಬದ ಸ್ಪೀಕರ್ 1 ಮೀಟರ್ ದೂರ, ಎಡಗಡೆಯದು ಸುಮಾರು 2.9. ಈ ಅಂತರದಿಂದಲೇ 9 ಡೆಸಿಬಲ್ ವ್ಯತ್ಯಾಸ. ಅಮ್ಮನಿಗೆ ಎಡಗಡೆಯಿಂದ ಇದೇ ಕಷ್ಟ. ಕಿವಿಯ ಪಕ್ಕದಲ್ಲೇ ಸಂತೆಯ ಗದ್ದಲವಿದ್ದರೆ ಎದುರಿನ ಮಾತು ಹೇಗೆ ಕೇಳೀತು? ರಿಸೀವರಿನ ಲೆಕ್ಕವೆಲ್ಲ ನಡುವಿನ ಸೀಟಿಗೆ ಸರಿ, ತುದಿಯವರಿಗಲ್ಲ. ಎರಡನ್ನೂ ಕಿವಿಗಿಂತ 60 ಸೆಂಟಿಮೀಟರ್ ಮೇಲೇರಿಸಿ, ಎಡದ್ದರ ಮುಖವನ್ನು ಬಲ ತುದಿಗೂ ಬಲದ್ದನ್ನು ಎಡ ತುದಿಗೂ ತಿರುಗಿಸಿದೆವು. ಹತ್ತಿರ ಕುಳಿತವರು ಸ್ಪೀಕರಿನ ನೇರ ದಾರಿಯಿಂದ ಹೊರಗೆ ಬಿದ್ದರು, ದೂರದವರು ಒಳಗೆ ಬಂದರು. ಮತ್ತೆ ಅಳತೆ ಮಾಡಿಸಿದೆವು.

ಭಾವನ ಸೀಟಿನಲ್ಲಿ ತಗ್ಗಿನ ಸದ್ದು ಈಗಲೂ ನಡುವಿನ ಸೀಟಿನಷ್ಟು ಸಮವಾಗಿಲ್ಲ. ಇದಕ್ಕೆ ಸರಿಯಾದ ಮದ್ದು ಇನ್ನೊಂದು ಸಬ್‌ವೂಫರ್. ಎರಡು ಜಾಗದಿಂದ ಹೊರಟ ಸದ್ದು ಒಂದರ ಏರಿಳಿತವನ್ನು ಇನ್ನೊಂದು ತುಂಬುತ್ತದೆ. ಮೇಲಿನ ಎರಡು ಸ್ಪೀಕರ್ ಮೊದಲೋ ಎರಡನೆಯ ಸಬ್‌ವೂಫರ್ ಮೊದಲೋ ಎಂಬ ಚರ್ಚೆ ಮನೆಯಲ್ಲಿ ನಡೆದಿದೆ. ನನ್ನ ಮತ ಸಬ್‌ವೂಫರಿಗೆ; ಅದರ ಫಲ ಸೋಫಾದಲ್ಲಿ ಕುಳಿತ ಪ್ರತಿಯೊಬ್ಬರಿಗೂ ಸಿಗುತ್ತದೆ.

ಎಲ್ಲ ಮುಗಿದ ಮೇಲೆ ಅಮ್ಮನ ಮುಂದೆ ಮತ್ತೆ ಹಾಳೆ ಇಟ್ಟೆವು, ಹೊಸ ದೃಶ್ಯ, ಅದೇ ವಾಲ್ಯೂಮ್. ಹದಿನೇಳು. ತಪ್ಪಿದ ಮೂರೂ ಮಳೆಯ ಸದ್ದಿನ ನಡುವೆ ಪಿಸುಗುಟ್ಟಿದ ವಾಕ್ಯಗಳು. ನಡುವಿನ ಚಾನೆಲನ್ನು ಮಾತ್ರ 2 ಡೆಸಿಬಲ್ ಏರಿಸಿ, ಅಷ್ಟೇ ಕಷ್ಟದ ಇನ್ನೊಂದು ದೃಶ್ಯ ಹಾಕಿದೆವು. ಹತ್ತೊಂಬತ್ತು ಬರೆದರು. ಇಪ್ಪತ್ತನೆಯದನ್ನು ಅಕ್ಕ, ಭಾವ, ನಾನು ಮೂವರೂ ಮೂರು ಬಗೆಯಲ್ಲಿ ಕೇಳಿಸಿಕೊಂಡಿದ್ದೆವು.